ಗಡಿಗೆಯ ನೀರು, ಗಾಡಿಯ ಗ್ಯಾಸು

ಉಮದಿಯಲ್ಲಿ ನನ್ನ ಸೋದರಮಾವನ ಮನೆಯ ಪಡಸಾಲೆಯೊಳಗೆ, ಗಾಳಿ ಆಡುವ ಮೂಲೆ ನೋಡಿ, ಹಸಿ ಮರಳಿನ ಮೇಲೆ ಎರಡು ಗಡಿಗೆ ಕೂಡಿಸಿದ್ದಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಆಗಲೂ ಗಡಿಗೆಯ ನೀರು ಗಂಟಲಿಗೆ ತಣ್ಣಗೆ ಇಳಿಯುತ್ತದೆ. ಅತ್ತೆ ದಿನಾ ಬೆಳಿಗ್ಗೆ ಗಡಿಗೆಗಳನ್ನು ಕಂಠಮಟ ತುಂಬುತ್ತಾರೆ. ಯಾರೂ ಒಂದು ತಂಬಿಗೆ ಮುಳುಗಿಸದಿದ್ದರೂ ಸಂಜೆಯ ಹೊತ್ತಿಗೆ ನೀರು ಕೆಳಗಿಳಿದಿರುತ್ತದೆ. ಮಣ್ಣಿನ ಸಣ್ಣ ರಂಧ್ರಗಳಿಂದ ಒಸರಿ ಹೊರಮೈಗೆ ಬಂದ ನೀರು ಆವಿಯಾಗಿ ಹೋಗುತ್ತದೆ, ಹೋಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತದೆ. ಉಳಿದ ನೀರು ತಂಪಾಗುವುದು ಹೋದ ನೀರಿನ ಋಣದಿಂದ.

ಉಮದಿ ಇರುವ ಜತ್ತ ತಾಲ್ಲೂಕಿನಲ್ಲಿ ಈ ಲೆಕ್ಕ ಸಣ್ಣದಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿ, ವಿಜಯಪುರ ಜಿಲ್ಲೆಗೆ ಹೊಂದಿಕೊಂಡ ಬರದ ಸೀಮೆ ಇದು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ, ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಾಗ ಎರಡೂ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಇಲ್ಲಿನ ಹಳ್ಳಿಗಳು ಹಿಂದೆ ಮಾಡಿದ್ದ ಠರಾವು 2022ರ ನವೆಂಬರ್‌ನಲ್ಲಿ ಎರಡೂ ರಾಜ್ಯಗಳ ರಾಜಕಾರಣವನ್ನು ಅಲ್ಲಾಡಿಸಿತ್ತು. ಇಂಥ ಊರಲ್ಲಿ ತಂಪಿಗಾಗಿ ನೀರು ಕಳೆಯುವುದು ಎಂದರೆ ಏನೆಂದು ಅತ್ತೆಗೆ ಗೊತ್ತು. ಕಾರಿನ ಎಸಿ ಏಕೆ ಕೆಟ್ಟಿತೆಂದು ನಾನು ಅವರಿಗೆ ಹೇಳಬೇಕಾಗಿ ಬಂದಾಗ ಗಡಿಗೆಯಿಂದಲೇ ಶುರು ಮಾಡಿದೆ.

ಮಾವನ ಸಣ್ಣ ಕಾರಿಗೆ ಒಂಬತ್ತು ವರ್ಷ. ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಓಡಾಡುವ ಹಂಗಾಮಿನಲ್ಲೇ, ಮಾಡಗ್ಯಾಳದ ರಸ್ತೆಯಲ್ಲಿ, ಬಾನೆಟ್ ಒಳಗಿಂದ ಕಟಕಟ ಸದ್ದು ಬಂತು. ಆಮೇಲೆ ಬೆಲ್ಟ್ ಕಿರುಚಿತು, ಸುಟ್ಟ ರಬ್ಬರಿನ ವಾಸನೆ ಬಂತು, ಎಸಿಯಿಂದ ಬಿಸಿಗಾಳಿ ಬೀಸತೊಡಗಿತು. ನಾನು ಊರಿಗೆ ಹೋದಾಗ ಮಾವ ಆಗಲೇ ತೀರ್ಪು ಕೊಟ್ಟಾಗಿತ್ತು.

"ಗ್ಯಾಸ್ ಖಾಲಿ ಆಗೇದ ಅಳಿಯಾ, ಮತ್ತೇನಿಲ್ಲ. ಪ್ರತಿ ಬ್ಯಾಸಿಗಿಗೂ ಖಾಲಿ ಆಗತದ. ಹೋಗಿ ತುಂಬಿಸಿಕೊಂಡು ಬರೋದು."

ಈ ಒಂದು ಮಾತನ್ನು ಬಿಡಿಸಲಿಕ್ಕೇ ಈ ಅಧ್ಯಾಯ ಬರೆಯುತ್ತಿದ್ದೇನೆ. ಪೆಟ್ರೋಲ್ ಖಾಲಿಯಾಗುತ್ತದೆ, ಏಕೆಂದರೆ ಅದು ಉರಿಯುತ್ತದೆ. ಎಸಿಯ ಗ್ಯಾಸು ಉರಿಯುವುದಿಲ್ಲ, ಸವೆಯುವುದಿಲ್ಲ, ಹಳತಾಗುವುದಿಲ್ಲ. ರಬ್ಬರ್ ಹೋಸುಗಳ ಮೈಯಿಂದ ವರ್ಷಕ್ಕೆ ಕೆಲವು ಗ್ರಾಂ ಹೋಗುವುದು ಸಹಜ. ಅದಕ್ಕಿಂತ ಹೆಚ್ಚು ಹೋಗಿದ್ದರೆ ಎಲ್ಲೋ ತೂತಿದೆ. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುವ ಗಾಡಿ ಪ್ರತಿ ಬೇಸಿಗೆಗೂ ತನ್ನ ರೋಗವನ್ನು ಹೇಳುತ್ತಿರುತ್ತದೆ, ಕೇಳಿಸಿಕೊಳ್ಳುವವರು ಇರುವುದಿಲ್ಲ.

ಮತ್ತೆ ಗಡಿಗೆಗೆ ಬರೋಣ. ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ, ಫಿಟ್ಟರುಗಳು ಕೂಲಿಂಗ್ ಕಾಯಿಲ್ ಎನ್ನುವ ಭಾಗದಲ್ಲಿ, ದ್ರವವೊಂದು ಕುದಿದು ಆವಿಯಾಗುತ್ತ ಕ್ಯಾಬಿನ್ನಿನ ಶಾಖ ಹೀರುತ್ತದೆ. ಗಡಿಗೆಯ ಕೆಲಸವೇ ಅದು. ದ್ರವ ಮಾತ್ರ ಬೇರೆ: ಆರ್-134ಎ, ಮಾವ ಗ್ಯಾಸ್ ಎಂದದ್ದು ಇದನ್ನೇ. ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಅದು ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಈ ಆವಿಯನ್ನು ಗಡಿಗೆಯ ಹಾಗೆ ಗಾಳಿಗೆ ಬಿಟ್ಟುಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿಯುತ್ತದೆ. ಹಾಗಾಗಿ ಅದನ್ನು ಹಿಡಿದು ಮತ್ತೆ ದ್ರವ ಮಾಡಬೇಕು. ದ್ರವವಾಗಬೇಕಾದರೆ ಅದು ತಾನು ಹೀರಿದ ಶಾಖವನ್ನು ಹೊರಗೆ ಚೆಲ್ಲಬೇಕು. ಆದರೆ ಹೊರಗಿನ ಗಾಳಿಯೇ 42 ಡಿಗ್ರಿ ಇರುವಾಗ, 3–4 ಡಿಗ್ರಿಯ ಆವಿ ಅದಕ್ಕೆ ಶಾಖ ಕೊಡುವುದು ಹೇಗೆ? ನೀರು ಏರಿಗೆ ಹರಿಯದು, ಶಾಖವೂ ತಣ್ಣಗಿನದರಿಂದ ಬಿಸಿಯ ಕಡೆಗೆ ತಾನಾಗಿ ಹರಿಯದು.

ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ನಾಲ್ಕು ಸಲ ಒತ್ತಿದರೆ ಪಂಪಿನ ತುದಿ ಬಿಸಿಯಾಗುತ್ತದೆ. ಹಿಚುಕಿದ ಅನಿಲ ಬಿಸಿಯಾಗುತ್ತದೆ, ಅದು ದ್ರವವಾಗುವ ಉಷ್ಣತೆಯೂ ಮೇಲಕ್ಕೇರುತ್ತದೆ. ಕಂಪ್ರೆಸರ್ ಮಾಡುವುದು ಇಷ್ಟೇ. ಸುಮಾರು 3 ಬಾರ್ ಒತ್ತಡದ ತಣ್ಣನೆಯ ಆವಿಯನ್ನು ಎಳೆದುಕೊಂಡು 16–17 ಬಾರ್‌ಗೆ ಹಿಚುಕಿ ಬಿಡುತ್ತದೆ. ಆ ಒತ್ತಡದಲ್ಲಿ ಆರ್-134ಎ 60 ಡಿಗ್ರಿಯಲ್ಲೇ ದ್ರವವಾಗಬಲ್ಲದು. 60 ಡಿಗ್ರಿಯ ಮುಂದೆ ಉಮದಿಯ 42 ಡಿಗ್ರಿ ಗಾಳಿಯೂ ತಂಪೇ! ಗಾಡಿಯ ಮೂತಿಯಲ್ಲಿರುವ ಕಂಡೆನ್ಸರಿನಲ್ಲಿ ಆವಿ ಶಾಖ ಚೆಲ್ಲಿ ದ್ರವವಾಗುತ್ತದೆ, ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ನುಸುಳಿ ಒತ್ತಡ ಕಳೆದುಕೊಳ್ಳುತ್ತದೆ, ಮತ್ತೆ ಕೂಲಿಂಗ್ ಕಾಯಿಲ್‌ಗೆ ಬಂದು ಕುದಿಯುತ್ತದೆ. ಕಂಪ್ರೆಸರ್ ತಂಪನ್ನು ತಯಾರಿಸುವುದಿಲ್ಲ. ಗಡಿಗೆಯಿಂದ ಹಾರಿಹೋದ ನೀರನ್ನು ಹಿಡಿದು ತಂದು ಮತ್ತೆ ಗಡಿಗೆಗೆ ಸುರಿಯುವ ಕೆಲಸ ಅದರದ್ದು.

ಅತ್ತೆಗಾಗಿ ಒಂದು ಲೆಕ್ಕ ಹಾಕಿದೆ. ಸಣ್ಣ ಕಾರಿನ ಎಸಿ ಹೆಚ್ಚುಕಡಿಮೆ ಒಂದು ಟನ್ನಿನದು, ಅಂದರೆ 3.5 ಕಿಲೋವ್ಯಾಟ್ ಶಾಖ ಸಾಗಿಸುತ್ತದೆ. ಅಷ್ಟೇ ತಂಪನ್ನು ನೀರು ಆರಿಸಿ ಪಡೆಯಬೇಕೆಂದರೆ ಗಂಟೆಗೆ ಐದು ಲೀಟರಿಗಿಂತ ಹೆಚ್ಚು ನೀರು ಹೋಗಬೇಕು. ಕಾರು ಅದೇ ಕೆಲಸವನ್ನು ಬರೀ 400 ಗ್ರಾಂ ದ್ರವದಲ್ಲಿ ವರ್ಷಗಟ್ಟಲೆ ಮಾಡುತ್ತದೆ. ಆ 400 ಗ್ರಾಂ ನಿಮಿಷಕ್ಕೆ ಮೂರು ನಾಲ್ಕು ಬಾರಿ ಇಡೀ ಸುತ್ತು ಹಾಕಿ ಬರುತ್ತದೆ. ಅತ್ತೆ ಕೇಳಿಸಿಕೊಂಡು, "ಹಂಗಾದ್ರ ನಮ್ಮ ಗಡಿಗಿಗೂ ಒಂದು ಹಚ್ಚು" ಅಂದರು.

ಅವರ ಆಸೆ ಸುಮಾರು 190 ವರ್ಷ ಹಳೆಯದು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವ್ಯಾಪಾರಿ ಬಾಸ್ಟನ್ ಕಡೆಯ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ಹೊಟ್ಟು ಹಾಕಿ ಮುಚ್ಚಿ ಕಲ್ಕತ್ತೆಗೆ ತಂದಿಳಿಸಿದ. ನಾಲ್ಕು ತಿಂಗಳ ದಾರಿಯಲ್ಲಿ ಕರಗಿದ್ದು ಕರಗಿ, ಉಳಿದದ್ದು ಮಾರಾಟವಾಯಿತು. ಮರುವರ್ಷವೇ, 1834ರಲ್ಲಿ, ಲಂಡನ್ನಿನಲ್ಲಿದ್ದ ಜೇಕಬ್ ಪರ್ಕಿನ್ಸ್ ಈಥರನ್ನು ಆವಿ ಮಾಡಿ, ಹಿಚುಕಿ, ಮತ್ತೆ ದ್ರವ ಮಾಡಿ ತಿರುಗಿ ಬಳಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕಳೆದುಕೊಳ್ಳದೆ ತಂಪು ಪಡೆಯುವ ದಾರಿ ಅಲ್ಲಿ ತೆರೆಯಿತು. ಮಂಜುಗಡ್ಡೆಯ ಕಾಲದ ನೆನಪು ಮಾತಿನಲ್ಲಿ ಮಾತ್ರ ಉಳಿದಿದೆ: ಒಂದು ಟನ್ ಎಸಿ ಎಂದರೆ ಒಂದು ಟನ್ ಮಂಜುಗಡ್ಡೆ ಒಂದು ಹಗಲು ರಾತ್ರಿಯಲ್ಲಿ ಕರಗಿ ಕೊಡುವಷ್ಟು ತಂಪು.

ಕಾರಿನೊಳಗೆ ಈ ಯಂತ್ರವನ್ನು ಮೊದಲು ಮಾರಿದ್ದು ಪ್ಯಾಕರ್ಡ್ ಕಂಪನಿ, 1940ರ ಮಾದರಿಯಲ್ಲಿ. ಅದರ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಸಿ ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು. ಈಗ ಬಹಳಷ್ಟು ಕಾರುಗಳಲ್ಲಿ ಪುಲ್ಲಿ ಸದಾ ತಿರುಗುತ್ತಿರುತ್ತದೆ, ಎಸಿ ಗುಂಡಿ ಒತ್ತಿದಾಗ ಅದರೊಳಗಿನ ವಿದ್ಯುತ್ ಕಾಯಿಲ್ ಅಯಸ್ಕಾಂತವಾಗಿ ಮುಂದಿನ ತಟ್ಟೆಯನ್ನು "ಟಕ್" ಎಂದು ಎಳೆದುಕೊಳ್ಳುತ್ತದೆ. ಎರಡರ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು. ಈ "ಟಕ್" ಕೇಳಿಸದಿದ್ದರೆ ಕಂಪ್ರೆಸರ್ ಸತ್ತಿದೆ ಎಂದು ಅವಸರ ಮಾಡಬಾರದು. ಫ್ಯೂಸ್, ರಿಲೇ, ಕಾಯಿಲ್ಲಿನ ತಂತಿ, ಅಥವಾ ಗ್ಯಾಸ್ ಕಡಿಮೆಯಿದ್ದಾಗ ಕ್ಲಚ್ಚಿಗೆ ಕರೆಂಟ್ ತಡೆಯುವ ಪ್ರೆಶರ್ ಸ್ವಿಚ್, ಯಾವುದಾದರೂ ಇರಬಹುದು. ಎಷ್ಟೋ ಒಳ್ಳೆಯ ಕಂಪ್ರೆಸರುಗಳು ಹತ್ತು ರೂಪಾಯಿಯ ಫ್ಯೂಸಿಗಾಗಿ ಗುಜರಿ ಸೇರುತ್ತವೆ.

ಮಾವನ ಗಾಡಿಯದು ಹಾಗಲ್ಲ. ಎಂಜಿನ್ ನಿಲ್ಲಿಸಿ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಲು ನೋಡಿದೆ. ಒಳ್ಳೆಯ ಕಂಪ್ರೆಸರ್ ಸ್ವಲ್ಪ ಬಿಗಿಯಾಗಿ, ಆದರೆ ಒಂದೇ ಸಮ ತಿರುಗಬೇಕು. ಇದು ಕೂದಲೆಳೆಯಷ್ಟೂ ಅಲುಗಲಿಲ್ಲ. ಒಳಗೆ ಪಿಸ್ಟನ್ ಕಚ್ಚಿಕೊಂಡಿತ್ತು.

ಬೋಲ್ಟು ಬಿಚ್ಚುವ ಮೊದಲು ಮಾಡಬೇಕಾದ ಕೆಲಸ ಅಂಗಳದಲ್ಲಿ ಆಗುವಂಥದ್ದಲ್ಲ. ಉಳಿದ ಗ್ಯಾಸನ್ನು ಹೊರಗೆಳೆದು ಸಿಲಿಂಡರಿನಲ್ಲಿ ಹಿಡಿಯಬೇಕು, ಅದಕ್ಕೆ ರಿಕವರಿ ಯಂತ್ರ ಬೇಕು. ಕ್ಲಚ್ಚಿನ ವೈರ್ ಕಳಚಿ, ಬೆಲ್ಟ್ ಬದಲಿಸಿ, ಗಾಡಿಯನ್ನು ವಿಜಯಪುರಕ್ಕೆ ಒಯ್ದು ಆ ಕೆಲಸ ಮಾಡಿಸಿಕೊಂಡು ಬಂದೆವು. "ಗಾಳಿಗೆ ಬಿಟ್ರ ಏನಾಗತದ? ಅರ್ಧ ಕಿಲೋನೂ ಇಲ್ಲ" ಎಂದು ಮಾವ ಗೊಣಗಿದರು. ನನಗೆ ಈ ವಿಷಯದಲ್ಲಿ ರಾಜಿ ಇಲ್ಲ. ನೂರು ವರ್ಷದ ಲೆಕ್ಕದಲ್ಲಿ ಆರ್-134ಎ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು. 400 ಗ್ರಾಂ ಬಿಟ್ಟರೆ 570 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಬರುತ್ತದೆ, ಅಂದರೆ ಇದು 250 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 18 ಕಿಲೋಮೀಟರ್ ಓಡುವ ಗಾಡಿಯಲ್ಲಿ ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹೋಗಿಯೂ ಮಿಗುತ್ತದೆ. ಒಂದು ನಿಮಿಷ ಪುಸ್ ಎನ್ನಿಸಿ ಬಿಟ್ಟ ಗ್ಯಾಸು ಮಾಡುವ ಹಾನಿ ಅಷ್ಟು. ಮಳೆ ತಪ್ಪಿದರೆ ಮೊದಲು ಬಾಯಾರುವ ಸೀಮೆಯಲ್ಲಿ ನಿಂತು ಹಾಗೆ ಮಾಡಲು ನನಗೆ ಮನಸ್ಸು ಬಾರದು. ಇದೇ ಕಾರಣಕ್ಕೆ 2016ರ ಕಿಗಾಲಿ ತಿದ್ದುಪಡಿಯಲ್ಲಿ ಜಗತ್ತು ಈ ಜಾತಿಯ ಅನಿಲಗಳನ್ನು ಇಳಿಸಲು ಒಪ್ಪಿತು. ಭಾರತ 2021ರಲ್ಲಿ ಸಹಿ ಮುದ್ರೆ ಒತ್ತಿತು. ನಮ್ಮ ಬಳಕೆ 2028ರಿಂದ ಏರದಂತೆ ನಿಲ್ಲಬೇಕು, 2032ರಿಂದ ಇಳಿಯಬೇಕು.

ಮರುದಿನ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲೇ, ಬೇವಿನ ಮರದ ಕೆಳಗೆ ಕೆಲಸ ಶುರುವಾಯಿತು. ಜತ್ತದಿಂದ ಫಿಟ್ಟರ್ ಹುಡುಗ ಬೈಕಿನ ಹಿಂದೆ ವ್ಯಾಕ್ಯೂಮ್ ಪಂಪು, ಗೇಜುಗಳ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದ. ಬ್ಯಾಟರಿಯ ವೈರ್ ತೆಗೆದು, ಗಾಡಿಯನ್ನು ಜ್ಯಾಕಿನಿಂದ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಬೆಲ್ಟ್ ಸಡಿಲಿಸಿದೆವು. ಕಂಪ್ರೆಸರನ್ನು ಹಿಡಿದಿರುವುದು ಮೂರು ನಾಲ್ಕು ಬೋಲ್ಟು, ಎರಡು ಪೈಪಿನ ಜೋಡಣೆ, ಒಂದು ವೈರು. ಹನ್ನೆರಡರ ಪಾನಾ ತಿರುಗಿಸಬಲ್ಲ ಯಾರಾದರೂ ಅರ್ಧ ತಾಸಿನಲ್ಲಿ ಇಳಿಸಬಹುದು. ಪೈಪು ಬಿಚ್ಚುವಾಗ ಮಾತ್ರ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು. ಎಲ್ಲೋ ಉಳಿದ ದ್ರವ ಚಿಮ್ಮಿ ಕಣ್ಣಿಗೆ ಬಿದ್ದರೆ ಅಲ್ಲಿಯೇ ಹೆಪ್ಪುಗಟ್ಟಿಸುತ್ತದೆ. ಹತ್ತಿರ ಬೀಡಿಯೂ ಬೇಡ, ಬೆಂಕಿಗೆ ಸಿಕ್ಕ ಈ ಗ್ಯಾಸು ವಿಷವಾಗುತ್ತದೆ.

ಬೋಲ್ಟಿಗೆ ಕೈ ಹಾಕುವ ಮೊದಲು ಹುಡುಗ ಒಂದು ಕೆಲಸ ಮಾಡಿದ. ಬಗ್ಗಿ, ಟಾರ್ಚ್ ಹಿಡಿದು, ಪೈಪುಗಳ ಗುಂಟ ಮೆಲ್ಲಗೆ ಬೆಳಕು ಸರಿಸಿದ. ಉಮದಿಯ ರಸ್ತೆಯ ಧೂಳು ಎಲ್ಲದರ ಮೇಲೂ ಬೂದಿಯ ಹಾಗೆ ಹರಡಿತ್ತು, ಊದಿದರೆ ಹಾರುತ್ತಿತ್ತು. ಕಂಪ್ರೆಸರಿಗೆ ಬರುವ ದಪ್ಪ ಹೋಸಿನಲ್ಲಿ, ರಬ್ಬರನ್ನು ಅಲ್ಯೂಮಿನಿಯಂ ಪೈಪಿಗೆ ಒತ್ತಿ ಕೂಡಿಸಿದ ಪಟ್ಟಿಯ ಅಂಚಿನಲ್ಲಿ ಮಾತ್ರ ರೂಪಾಯಿ ನಾಣ್ಯದಷ್ಟು ಅಗಲ ಧೂಳು ಕಪ್ಪಗೆ, ಡಾಂಬರಿನಂತೆ ಅಂಟಿಕೊಂಡಿತ್ತು. ಊದಿದರೆ ಹಾರಲಿಲ್ಲ. ಉಗುರಿನಿಂದ ಕೆರೆದರೆ ಜಿಡ್ಡು.

"ನೋಡ್ರಿ ಕಾಕಾ, ಇಲ್ಲೇ ಕುಂತೈತಿ ಕಳ್ಳ" ಅಂದ.

ಎಸಿಯ ಗ್ಯಾಸು ಒಂಟಿಯಾಗಿ ಓಡಾಡುವುದಿಲ್ಲ. ಕಂಪ್ರೆಸರಿಗೆ ಎಂಜಿನ್ನಿನ ಹಾಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಒಂದು ಟೀ ಕಪ್ಪಿನಷ್ಟು ಎಣ್ಣೆ ಗ್ಯಾಸಿನಲ್ಲಿ ಬೆರೆತು ಇಡೀ ಸುತ್ತು ಹಾಕಿ, ಕಂಪ್ರೆಸರಿಗೆ ಮರಳಿ ಪಿಸ್ಟನ್ನುಗಳನ್ನು ನೆನೆಸುತ್ತದೆ. ತೂತಿನಿಂದ ಗ್ಯಾಸು ಹೋದರೆ ಎಣ್ಣೆಯೂ ಹೋಗುತ್ತದೆ. ಗ್ಯಾಸಿಗೆ ಬಣ್ಣವಿಲ್ಲ, ಕಣ್ಣಿಗೆ ಕಾಣದು. ಎಣ್ಣೆ ಅಲ್ಲಿಯೇ ಉಳಿದು ಧೂಳನ್ನು ಹಿಡಿದುಕೊಳ್ಳುತ್ತದೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಹೊಳೆಯುವ ಬಣ್ಣ ಹಾಕಿ ನೇರಳಾತೀತ ಬೆಳಕಿನಲ್ಲಿ ತೂತು ಹುಡುಕುತ್ತಾರೆ. ಇಲ್ಲಿ ಆ ಕೆಲಸವನ್ನು ಬರಗಾಲದ ಧೂಳು ಬಿಟ್ಟಿಯಾಗಿ ಮಾಡಿತ್ತು. ನಾಲ್ಕು ಬೇಸಿಗೆ ಗ್ಯಾಸ್ ತುಂಬಿಸಿದವರು ಯಾರೂ ಎಣ್ಣೆ ತುಂಬಿಸಿರಲಿಲ್ಲ. ಅದೂ ಅಲ್ಲದೆ, ಮರಳಿ ಬರುವ ತಣ್ಣನೆಯ ಗ್ಯಾಸೇ ಕಂಪ್ರೆಸರನ್ನು ತಂಪಾಗಿಡುತ್ತದೆ. ಗ್ಯಾಸು ಕಡಿಮೆಯಾದಾಗ ಅದು ಬಿಸಿಯೂ ಆಯಿತು, ಒಣಗಿಯೂ ಹೋಯಿತು.

ಹಳೆಯ ಕಂಪ್ರೆಸರನ್ನು ಸ್ಟೀಲ್ ಬೋಗುಣಿಯ ಮೇಲೆ ಬೋರಲು ಹಾಕಿದೆವು. ನೂರು ಮಿಲಿಲೀಟರಿಗಿಂತ ಹೆಚ್ಚು ಎಣ್ಣೆ ಇರಬೇಕಾದ ವ್ಯವಸ್ಥೆ. ಇದರ ಪಾಲಿಗೆ ಬಂದದ್ದು ನಾಲ್ಕು ಚಮಚ ಕಪ್ಪು ರಸ. ಬಿಸಿಲಿಗೆ ಹಿಡಿದರೆ ಅದರೊಳಗೆ ಅಭ್ರಕದ ಪುಡಿಯ ಹಾಗೆ ಮಿಣುಕು. ಅದು ಸವೆದ ಅಲ್ಯೂಮಿನಿಯಂ. ಮಾವ ಬೋಗುಣಿಯನ್ನು ಓರೆ ಮಾಡಿ ಬಹಳ ಹೊತ್ತು ನೋಡಿದರು.

ಆ ಮಿಣುಕು ನಮ್ಮ ಖರ್ಚನ್ನು ದುಪ್ಪಟ್ಟು ಮಾಡಿತು. ಕಚ್ಚಿಕೊಂಡ ಕಂಪ್ರೆಸರ್ ಸಾಯುವ ಮೊದಲು ಲೋಹದ ಪುಡಿಯನ್ನು ಪೈಪಿನ ಗುಂಟ ಉಗುಳಿರುತ್ತದೆ. ಹೊಸದನ್ನು ಹಾಗೇ ಹಚ್ಚಿದರೆ ಆ ಪುಡಿ ಸುತ್ತಿ ಬಂದು ಅದನ್ನೂ ಕೆಲವೇ ವಾರಗಳಲ್ಲಿ ಮುಗಿಸುತ್ತದೆ. ಮನೆಯಲ್ಲಿ ರಿಪೇರಿ ಮಾಡುವವರು ಎಡವುವುದು ಇಲ್ಲೇ. ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನು ದ್ರಾವಕ ಹಾಕಿ ತೊಳೆದು ನೈಟ್ರೋಜನ್ ಬಿಟ್ಟು ಒಣಗಿಸಬಹುದು. ಈಗಿನ ಕಂಡೆನ್ಸರಿನ ಒಳದಾರಿಗಳು ಹಲ್ಲುಕಡ್ಡಿ ತೂರದಷ್ಟು ಸಣ್ಣವು, ಹತ್ತಾರು ಕವಲುಗಳು. ಒಂದು ಕವಲು ಕಟ್ಟಿದರೆ ದ್ರಾವಕ ಪಕ್ಕದ್ದರಲ್ಲಿ ಸುಖವಾಗಿ ಹರಿದು ಹೋಗುತ್ತದೆ. ಅದನ್ನು ತೊಳೆದೆ ಎನ್ನುವುದು ಬಾಯಿಮಾತು, ಬದಲಿಸಲೇಬೇಕು. ಹೋಗಲಿ ಎಂದರೆ ಮಾವನ ಕಂಡೆನ್ಸರಿನ ಹೊರಮೈಗೂ ಜೋಳದ ರವದಿ, ಧೂಳು ಮೆತ್ತಿಕೊಂಡು ಗಾಳಿ ಆಡದಂತಾಗಿತ್ತು. ಹೋಸು, ಎಕ್ಸ್‌ಪಾನ್ಶನ್ ವಾಲ್ವು, ತೇವ ಹೀರುವ ಡ್ರೈಯರ್ ಕೂಡ ಹೊಸದಾದವು.

ಎಣ್ಣೆಯ ವಿಷಯದಲ್ಲಿ ಅಂದಾಜು ಸಲ್ಲದು. ಆರ್-134ಎ ಗಾಡಿಗಳಲ್ಲಿ ಬಹುತೇಕ ಪಿಎಜಿ ಎಣ್ಣೆ, ಅದರಲ್ಲೂ ದಪ್ಪ ತೆಳುವಿನ ಅಂಕೆ ಕಂಪ್ರೆಸರಿನ ಮೈಮೇಲಿನ ಚೀಟಿಯಲ್ಲಿರುತ್ತದೆ. ಹೊಸ ಕಂಪ್ರೆಸರಿನಲ್ಲಿ ಮೊದಲೇ ಎಣ್ಣೆ ತುಂಬಿ ಕಳಿಸಿರಬಹುದು, ಬಸಿದು ಅಳೆದೇ ನಂಬಬೇಕು. ಹೆಚ್ಚಾದರೂ ಕೇಡು, ಕಾಯಿಲ್ಲಿನೊಳಗೆ ಪದರ ಕಟ್ಟಿ ತಂಪು ತಗ್ಗಿಸುತ್ತದೆ. ಪೈಪಿನ ಜೋಡಣೆಗಳ ರಬ್ಬರ್ ಓ-ರಿಂಗುಗಳಿಗೆ ಅದೇ ಎಣ್ಣೆ ಸವರಿ ಕೂಡಿಸಿ, ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದೆವು. ಆಮೇಲೆ ಹುಡುಗ ಕಂಪ್ರೆಸರಿನ ಮುಂದಿನ ತಟ್ಟೆಯನ್ನು ಕೈಯಿಂದ ಹದಿನೈದು ಸುತ್ತು ತಿರುಗಿಸಿದ. ಸಿಲಿಂಡರಿನೊಳಗೆ ಎಣ್ಣೆ ನಿಂತಿದ್ದರೆ ಮೊದಲ ಸಲಕ್ಕೇ ಎಂಜಿನ್ನಿನ ಬಲದಿಂದ ಅದನ್ನು ಹಿಚುಕಬಾರದು. ದ್ರವ ಹಿಚುಕಿಸಿಕೊಳ್ಳುವುದಿಲ್ಲ, ವಾಲ್ವಿನ ತೆಳು ಪಟ್ಟಿಗಳೇ ಮುರಿಯುತ್ತವೆ.

ಡ್ರೈಯರಿನ ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಗೆ ತೆಗೆದೆವು. ಅದರೊಳಗಿನ ಮಣಿಗಳಿಗೆ ತೇವವೆಂದರೆ ಅಷ್ಟು ಹಸಿವು, ಬಾಯಿ ತೆರೆದಿಟ್ಟರೆ ಗಾಳಿಯ ಪಸೆಯನ್ನೇ ಕುಡಿದು ಹೊಟ್ಟೆ ತುಂಬಿಸಿಕೊಂಡುಬಿಡುತ್ತವೆ. ತೇವ ಒಳಗುಳಿದರೆ ವಾಲ್ವಿನ ಕಿಂಡಿಯಲ್ಲಿ ಮಂಜಾಗಿ ಕಟ್ಟುತ್ತದೆ, ಎಣ್ಣೆ ಗ್ಯಾಸುಗಳ ಜತೆ ಕೂಡಿ ಆಮ್ಲವಾಗಿ ಲೋಹ ತಿನ್ನುತ್ತದೆ. ಅದಕ್ಕೇ ವ್ಯಾಕ್ಯೂಮ್ ಪಂಪು. ಗಾಳಿಯನ್ನು ತೆಗೆಯುವುದು ಅದರ ಅರ್ಧ ಕೆಲಸ ಮಾತ್ರ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಅದನ್ನು 32ಕ್ಕಿಂತ ಕೆಳಗಿಳಿಸಿದರೆ 30 ಡಿಗ್ರಿಯ ನೀರು ಕುದಿಯುತ್ತದೆ. ಪಂಪು ಅದಕ್ಕಿಂತಲೂ ಬಹಳ ಕೆಳಗಿಳಿಸಿ ಪೈಪಿನ ಮೂಲೆಯ ಪಸೆಯನ್ನೆಲ್ಲ ಕುದಿಸಿ ಎಳೆದುಬಿಡುತ್ತದೆ. ಮಾವ ಇದನ್ನು ತಟ್ಟನೆ ಹಿಡಿದರು. ಅವರ ಶೆಡ್ಡಿನಲ್ಲಿ ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಸಿಪ್ಪೆಯ ಮೇಣದ ತಡೆ ತೆಗೆದು, ಜಾಳಿಗೆಯ ಮೇಲೆ ಹರಡುತ್ತಾರೆ. ಇಲ್ಲಿನ ಒಣಗಾಳಿ ಎರಡು ವಾರದಲ್ಲಿ ಮಣೂಕ ಮಾಡಿ ಕೊಡುತ್ತದೆ. "ಅಂದ್ರ ಇದು ಗಾಡಿಯ ಪೈಪ್ ಒಣಗಿಸೋ ಶೆಡ್ಡು" ಅಂದರು. ಮುಕ್ಕಾಲು ತಾಸು ಪಂಪು ಓಡಿಸಿ, ನಿಲ್ಲಿಸಿ, ಅರ್ಧ ತಾಸು ಗೇಜಿನ ಮುಳ್ಳನ್ನು ಕಾಯ್ದೆವು. ಮುಳ್ಳು ಅಲ್ಲಾಡಲಿಲ್ಲ.

ಗ್ಯಾಸು ಎಷ್ಟು ಹಾಕಬೇಕೆಂಬುದಕ್ಕೆ ಗೇಜು ನೋಡಿ ಹೇಳುವವರೇ ಹೆಚ್ಚು. ಅದು ತಪ್ಪು ದಾರಿ. ಮುಚ್ಚಿದ ಪಾತ್ರೆಯಲ್ಲಿ ದ್ರವ ಆವಿ ಎರಡೂ ಇರುವತನಕ ಒತ್ತಡವನ್ನು ತೀರ್ಮಾನಿಸುವುದು ಉಷ್ಣತೆಯೊಂದೇ. ದ್ರವ ಒಂದು ಚಮಚವಿರಲಿ, ಒಂದು ಕೊಡವಿರಲಿ. ಅಡುಗೆ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ಅತ್ತೆ ಎತ್ತಿ ನೋಡುತ್ತಾರಲ್ಲ, ಅದೇ ಸರಿಯಾದ ವಿಜ್ಞಾನ. ಬಾನೆಟ್ಟಿನ ಚೀಟಿಯಲ್ಲಿ 400 ಗ್ರಾಂ ಎಂದಿತ್ತು. ಮಣೂಕದ ಮಾದರಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮಾವ ಶೆಡ್ಡಿನಿಂದ ತಂದರು, ಅದರ ಮೇಲೆ ಡಬ್ಬಿ ನಿಲ್ಲಿಸಿದೆವು. ನಿಲ್ಲಿಸಿಯೇ ಇರಬೇಕು, ಬೋರಲು ಹಾಕಿದರೆ ದ್ರವವೇ ಕಂಪ್ರೆಸರಿಗೆ ನುಗ್ಗುತ್ತದೆ. ಎಂಜಿನ್ ಚಾಲೂ ಆಯಿತು, ಕ್ಲಚ್ "ಟಕ್" ಎಂದಿತು, ಗೇಜಿನ ನೀಲಿ ಹೋಸಿನಲ್ಲಿ ಆವಿ ಒಳಗೆ ಹರಿಯತೊಡಗಿತು. ಅಗ್ಗಕ್ಕೆ ಸಿಗುತ್ತದೆಂದು ಅಡುಗೆ ಗ್ಯಾಸಿನ ಜಾತಿಯ ಮಿಶ್ರಣ ಹಾಕುವವರಿದ್ದಾರೆ. ಉರಿಯುವ ಅನಿಲವನ್ನು ಮಕ್ಕಳು ಕೂಡುವ ಗಾಡಿಯೊಳಗಿನ ಪೈಪಿನಲ್ಲಿ ತುಂಬುವುದು ಘೋರ.

ಹನ್ನೊಂದು ಗಂಟೆಯ ಬಿಸಿಲು. ಡಬ್ಬಿಯ ತಳದಿಂದ ಬೆಳ್ಳಗೆ ಹಿಮ ಏರತೊಡಗಿತು. ಒಳಗಿನ ದ್ರವ ಕುದಿಯುತ್ತ ಡಬ್ಬಿಯದೇ ಶಾಖ ಹೀರುತ್ತಿತ್ತು. ಅತ್ತೆ ಬಂದು ಬೆರಳು ಮುಟ್ಟಿಸಿ, ಚಕ್ಕನೆ ಹಿಂದೆ ತೆಗೆದು, ಪಡಸಾಲೆಯ ಕಡೆ ನೋಡಿದರು. ಗಡಿಗೆ ಎಂದು ನಾನು ಹೇಳಬೇಕಾಗಲಿಲ್ಲ.

ತಕ್ಕಡಿ 400 ಇಳಿದ ಮೇಲೆ ವಾಲ್ವ್ ಮುಚ್ಚಿದೆವು. ಒಳಗಿನ ಗಾಳಿಕಿಂಡಿಯಲ್ಲಿಟ್ಟ ಥರ್ಮಾಮೀಟರ್ 9 ಡಿಗ್ರಿಗೆ ಬಂದು ನಿಂತಿತು. ಗಾಡಿಯ ಕೆಳಗೆ ನೀರು ತೊಟ್ಟಿಕ್ಕುವುದನ್ನು ಹುಡುಕಿದರೆ ಎಷ್ಟೋ ಹೊತ್ತಿಗೊಂದು ಹನಿ. ಮಂಗಳೂರಿನಲ್ಲಿ ಇದೇ ಎಸಿ ಧಾರೆ ಕಟ್ಟುತ್ತಿತ್ತು, ಅಲ್ಲಿ ಅದರ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವ ಇಳಿಸುವುದಕ್ಕೇ ಹೋಗುತ್ತದೆ. ಉಮದಿಯ ಗಾಳಿಯಲ್ಲಿ ಇಳಿಸಲಿಕ್ಕೆ ತೇವವೇ ಇಲ್ಲ.

ಪಾನಾಗಳನ್ನು ಒರೆಸಿ ಎತ್ತಿಡುವಾಗ ಮಾವ ಹಳೆಯ ಧೋತರದ ತುಂಡಿನಿಂದ ಒಂದೊಂದೇ ಜೋಡಣೆಯನ್ನು, ಹೋಸಿನ ಪಟ್ಟಿಯ ಅಂಚನ್ನು, ಕಂಡೆನ್ಸರಿನ ಮೂಲೆಗಳನ್ನು ಜಿಡ್ಡು ಹೋಗುವಂತೆ ತಿಕ್ಕಿ ಒರೆಸಿದರು.

"ದಸರಾದಾಗ ಬರ್ತೀಯಲ್ಲ? ಅವಾಗ ನೋಡೂಣು, ಧೂಳ ಎಲ್ಲಿ ಅಂಟತದ."

ದಸರೆಗೆ ಹೋದೆ. ಬನ್ನಿ ಕೊಟ್ಟು ಕಾಲಿಗೆರಗಿದ ಮೇಲೆ ಇಬ್ಬರೂ ಬಾನೆಟ್ ಎತ್ತಿ ಟಾರ್ಚ್ ಹಿಡಿದೆವು. ಹೋಸಿನ ಅಂಚಿನಲ್ಲಿ ಬೂದಿಯಂಥ ಧೂಳು ಕೂತಿತ್ತು. ಮಾವ ಬಗ್ಗಿ ಊದಿದರು. ಹಾರಿತು.